ತುಂಡಾಗದ ಹಳದಿ ಗೆರೆ

“ಅಮ್ಮ, ಕೂಲಿಂಗ್ ಗ್ಲಾಸ್ ತೆಗಿ. ಸುರಂಗ ಬಂತು,” ಎಂದಳು ಹಿಂದಿನ ಸೀಟಿನಿಂದ ನೆಸ್ಸಾ.

ಫಿನೋಲಾ ಕನ್ನಡಕವನ್ನು ತಲೆಯ ಮೇಲೇರಿಸಿ ಹೆಡ್‌ಲೈಟ್ ಹಾಕಿದಳು. ಪಕ್ಕದ ಸೀಟಿನಲ್ಲಿ ಅವಳ ಅಪ್ಪ ಕೂತಿದ್ದ. ನೆಸ್ಸಾಳಿಗೆ ಅವನು ಕಾನ್ ಅಜ್ಜ. ಕಾರು ಇಳಿಜಾರಿನಲ್ಲಿ ಜಾರಿ ಲೀ ನದಿಯ ಅಡಿಗೆ ಹೊಕ್ಕಿತು.

ಗೋಡೆಯಲ್ಲಿ ಬಾಗಿಲುಗಳು ಯಾಕಿವೆ ಎಂದು ನೆಸ್ಸಾ ಕೇಳಿದಳು. ಬೆಂಕಿ ಬಿದ್ದರೆ ಜನ ಓಡಿಹೋಗಲು ಎಂದಳು ಅಮ್ಮ. ಇಲ್ಲಿ ಲೇನ್ ಬದಲಿಸಬಾರದಲ್ಲ, ಬದಲಿಸಿದರೆ ಯಾರಿಗೆ ಗೊತ್ತಾಗುತ್ತದೆ? ಕ್ಯಾಮೆರಾ ಇವೆ. ಮೇಲಿರುವ ಮೀನುಗಳಿಗೆ ಕಾರಿನ ಸದ್ದು ಕೇಳಿಸುತ್ತದಾ?

“ಕಾರಿಂದು ಗೊತ್ತಿಲ್ಲ. ನಿಂದಂತೂ ಕೇಳ್ಸಿರತ್ತೆ,” ಎಂದಳು ಅಮ್ಮ.

ಅಜ್ಜ ನಗಲಿಲ್ಲ. ಮತ್ತೆ ಹಗಲು ಕಂಡ ಮೇಲೆಯೇ ಅವನು ಮಾತು ಶುರುಮಾಡಿದ್ದು.

ಫಿನೋಲಾಳಿಗೆ ಲೈಸೆನ್ಸ್ ಸಿಕ್ಕಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಕಾರಿನ ಮುಂದೆಯೂ ಹಿಂದೆಯೂ ಹೊಸ ಡ್ರೈವರ್ ಎಂದು ತೋರಿಸುವ ಕೆಂಪು ‘ಎನ್’ ಅಕ್ಷರವಿತ್ತು. ಸೋಮವಾರದಿಂದ ಅವಳಿಗೆ ಫರ್ಮಾಯ್ ಊರಿನ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ತಮ್ಮೂರು ಬ್ಯಾಂಡನ್‌ನಿಂದ ಅಲ್ಲಿಗೆ ಹೋಗಬೇಕಾದರೆ ನಡುವೆ ಡಿವೈಡರ್ ಇರುವ ಜೋಡಿ ರಸ್ತೆ, ಈ ಸುರಂಗ, ಆಮೇಲೆ ಮೋಟರ್‌ವೇ ಎಂಬ ಅತಿವೇಗದ ಹೆದ್ದಾರಿ, ಎಲ್ಲವನ್ನೂ ದಾಟಬೇಕು. ಒಬ್ಬಳೇ ಓಡಿಸಲು ಆಗದಿದ್ದರೆ ಫರ್ಮಾಯ್‌ನಲ್ಲೇ ಮನೆ ಮಾಡುವುದು, ನೆಸ್ಸಾ ಈಗಿನ ಶಾಲೆ ಬಿಡುವುದು ಎಂದು ಮಾತಾಗಿತ್ತು. ನೆಸ್ಸಾಳಿಗೆ ತನ್ನ ಶಾಲೆ ಬಿಡುವ ಮನಸ್ಸು ಸ್ವಲ್ಪವೂ ಇರಲಿಲ್ಲ. ಅದಕ್ಕೇ ಈ ಶನಿವಾರ ಅಭ್ಯಾಸಕ್ಕೆ ಹೊರಟಾಗ ತಾನೂ ಹತ್ತಿ ಕೂತಿದ್ದಳು.

ಮೋಟರ್‌ವೇ ಸೇರುವ ಪಟ್ಟಿಯಲ್ಲಿ ಅಜ್ಜ “ನಿಧಾನ, ನಿಧಾನ” ಎಂದ. ಇಲ್ಲಿ ವೇಗ ಹೆಚ್ಚಿಸಬೇಕು ಎಂದು ಅಮ್ಮನಿಗೆ ಕಲಿಸಿದ್ದರು. ಆದರೂ ಅವಳು ನಿಧಾನ ಮಾಡಿದಳು. ಹಿಂದಿನವನು ಹಾರ್ನ್ ಹೊಡೆದ. ಹೇಗೋ ಎಡಗಡೆಯ ಲೇನ್ ಸೇರಿಕೊಂಡರು.

ಸ್ವಲ್ಪ ಹೊತ್ತಿಗೆ ಕನ್ನಡಿಯ ತುಂಬ ಒಂದು ಲಾರಿ ಬಂತು.

“ಪಕ್ಕಕ್ಕೆ ಸರಿ. ಹೋಗ್ಲಿ ಪಾಪ, ಅವನಿಗೆ ಅರ್ಜೆಂಟು,” ಎಂದ ಅಜ್ಜ.

ಅವರ ಊರ ಕಡೆ ಎಲ್ಲರೂ ಹಾಗೆಯೇ ಮಾಡುವುದು. ಹಿಂದೆ ಯಾರಾದರೂ ಅವಸರದಲ್ಲಿದ್ದರೆ ರಸ್ತೆಯಂಚಿನ ಹಳದಿ ಗೆರೆ ದಾಟಿ ಅಂಚಿನ ಪಟ್ಟಿಗೆ ಸರಿದು ದಾರಿ ಬಿಡುತ್ತಾರೆ. ದಾಟಿದವರು ಲೈಟ್ ಮಿಟುಕಿಸಿ ಥ್ಯಾಂಕ್ಸ್ ಹೇಳುತ್ತಾರೆ. ಅಜ್ಜ ಐವತ್ತು ವರ್ಷ ಹಾಗೆಯೇ ಓಡಿಸಿದ್ದ. ದಾರಿ ಬಿಡದವನಿಗೆ ಮನೆಯಲ್ಲಿ ಏನೂ ಕಲಿಸಿಲ್ಲ ಎನ್ನುತ್ತಿದ್ದ.

ಅಮ್ಮ ಗೆರೆ ದಾಟಿ ಅಂಚಿಗೆ ಸರಿದಳು. ಲಾರಿ ಗಾಳಿ ಎಬ್ಬಿಸುತ್ತ ಮುಂದೆ ಹೋಯಿತು. ಅದರ ಹಿಂದೆ ಕಾರುಗಳು, ಒಂದಾದ ಮೇಲೊಂದು.

ಲೈಟ್ ಮಿಟುಕಿಸುತ್ತಾನಾ ಎಂದು ನೋಡುತ್ತಿದ್ದ ನೆಸ್ಸಾಳಿಗೆ ಬೇರೇನೋ ಕಂಡಿತು. ತಾವು ಹೋಗುತ್ತಿದ್ದ ಪಟ್ಟಿಯಲ್ಲೇ ಮುಂದೆ ಒಂದು ವ್ಯಾನ್ ಕೆಟ್ಟು ನಿಂತಿತ್ತು.

“ಅಮ್ಮ, ವ್ಯಾನ್.”

ಅಮ್ಮ ಬ್ರೇಕ್ ಒತ್ತಿದಳು. ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು. ಜಾಗವಿಲ್ಲ. ವ್ಯಾನ್ ದೊಡ್ಡದಾಗುತ್ತ ಬಂತು. ರಸ್ತೆಬದಿಯ ತಡೆಗೋಡೆಯಾಚೆ ನಿಂತಿದ್ದವನೊಬ್ಬ ಎರಡೂ ಕೈ ಎತ್ತಿ ಬೀಸಿದ. ಕಡೆಗೆ ಒಂದು ಕೆಂಪು ಕಾರಿನವಳು ನಿಧಾನಿಸಿ ಜಾಗ ಕೊಟ್ಟಳು. ಅಮ್ಮ ಒಳಕ್ಕೆ ನುಗ್ಗಿದಳು. ವ್ಯಾನ್ ಕಿಟಕಿಯ ಪಕ್ಕದಲ್ಲೇ ಸರ್ರನೆ ಹಿಂದೆ ಹೋಯಿತು.

ನೆಸ್ಸಾ ಕಿಟಕಿಯಿಂದ ಕೆಳಗೆ ನೋಡುತ್ತಿದ್ದಳು.

“ನಮ್ಮೂರಲ್ಲಿ ಹಳದಿ ಗೆರೆ ತುಂಡು ತುಂಡಾಗಿರತ್ತೆ,” ಎಂದಳು. “ಇಲ್ಲಿ ಎಲ್ಲೂ ತುಂಡಾಗಿಲ್ಲ. ಯಾಕೆ?”

“ದಾಟಬಾರದು ಅಂತ,” ಎಂದಳು ಅಮ್ಮ. “ನಂಗೆ ಗೊತ್ತಿತ್ತು. ಗೊತ್ತಿದ್ದೂ ದಾಟಿದೆ.”

ಫರ್ಮಾಯ್‌ನಲ್ಲಿ ಟೀ ಕುಡಿದರು. ಅಜ್ಜ ತನ್ನ ಸ್ಕೋನ್ ಬನ್ನು ಮುಟ್ಟಲಿಲ್ಲ. ಆ ರಸ್ತೆ ಮನುಷ್ಯರಿಗಲ್ಲ, ಈ ಕೆಲಸ ಬೇಡವೆಂದು ಫೋನ್ ಮಾಡಿಬಿಡು ಎಂದ. ಅಮ್ಮ ಟೀ ಮುಗಿಸಿದಳು. ಕಾರಿನ ಹತ್ತಿರ ಬಂದಾಗ ಹಿಂದಿನ ಬಾಗಿಲು ತೆಗೆದಳು.

“ಅಪ್ಪ, ನೀನು ಹಿಂದೆ ಕೂತ್ಕೋ.”

“ಹಿಂದಿನ ಸೀಟು ನಾಯಿಗೆ.”

“ನಾಯಿ ಮನೇಲಿದೆ. ಅದು ನಂಗೆ ಡ್ರೈವಿಂಗ್ ಹೇಳ್ಕೊಡಲ್ಲ.”

ಅಜ್ಜ ಮಗಳ ಮುಖ ನೋಡಿದ. ಆಮೇಲೆ ಹಿಂದೆ ಕೂತ. ನೆಸ್ಸಾ ತನ್ನನ್ನು ಎತ್ತರಿಸುವ ಮಕ್ಕಳ ಸೀಟನ್ನು ಮುಂದಕ್ಕೆ ತಂದುಕೊಂಡಳು.

ವಾಪಸ್ ಬರುವಾಗ ಅಮ್ಮ ಸೇರುವ ಪಟ್ಟಿಯಲ್ಲೇ ವೇಗ ಹೆಚ್ಚಿಸಿ ಮೋಟರ್‌ವೇಗೆ ಬಂದಳು. ಎಡಗಡೆಯ ಲೇನ್ ಬಿಟ್ಟು ಕದಲಲಿಲ್ಲ. ಅವಸರದವರು ಬಲಗಡೆಯಿಂದ ತಾವಾಗಿಯೇ ದಾಟಿಹೋದರು. ಒಂದು ಟ್ಯಾಂಕರ್ ಹತ್ತಿರ ಬಂದಾಗ ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು. ಅಮ್ಮ ತಿರುಗಲಿಲ್ಲ.

ಸುರಂಗದೊಳಗೆ ಅರ್ಧ ಹೋಗಿದ್ದರು. ಮುಂದೆ ಸಾಲಾಗಿ ಬ್ರೇಕ್ ಲೈಟುಗಳು ಹೊತ್ತಿಕೊಂಡವು. ಎಲ್ಲವೂ ನಿಂತವು. ಅಮ್ಮ ಮುಂದಿನ ಕಾರಿನಿಂದ ಸಾಕಷ್ಟು ದೂರದಲ್ಲಿ ನಿಲ್ಲಿಸಿ ರೇಡಿಯೋ ಹಾಕಿದಳು. ಏನಾದರೂ ಆಗಿದ್ದರೆ ಅದರಲ್ಲೇ ಹೇಳುತ್ತಾರೆ ಎಂದಳು.

“ಬಲಗಡೆ ಲೇನ್ ಸರೀತಾ ಇದೆ,” ಎಂದ ಅಜ್ಜ. “ಆ ಕಡೆ ಹೋಗು.”

“ಇಲ್ಲ, ಅಪ್ಪ. ಇಲ್ಲಿ ಲೇನ್ ಬದಲಿಸಲ್ಲ.”

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸೋಮವಾರ ಅವಳು ಒಬ್ಬಳೇ ಓಡಿಸಿಕೊಂಡು ಬರುತ್ತಾಳೆ ಎಂದು ನೆಸ್ಸಾಳಿಗೆ ಆಗ ಗೊತ್ತಾಯಿತು. ಅಜ್ಜನಿಗೆ ಏನಾದರೂ ತಮಾಷೆ ಮಾಡೋಣ ಎಂದು ಹಿಂದೆ ತಿರುಗಿದಳು.

ಅಜ್ಜ ಕಣ್ಣು ಮುಚ್ಚಿಕೊಂಡಿದ್ದ. ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ. ಅವನ ತುಟಿ ಒಣಗಿತ್ತು.

ಮೇಲಿನ ನೀರು ಎಷ್ಟು ಆಳ ಎಂದು ಕೇಳಬೇಕೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ಅಜ್ಜ, ನಿನ್ನ ಮೊದಲನೇ ಟ್ರ್ಯಾಕ್ಟರ್ ಯಾವ ಬಣ್ಣ?”

ಅಜ್ಜ ಕಣ್ಣು ಬಿಟ್ಟ. “ಬೂದು,” ಎಂದ. ಆಮೇಲೆ, “ಚಳಿಗಾಲದಲ್ಲಿ ಸ್ಟಾರ್ಟ್ ಆಗ್ತಿರ್ಲಿಲ್ಲ, ದರಿದ್ರದ್ದು. ನಿಮ್ಮಜ್ಜಿ ಬಂದು ತಳ್ಳಬೇಕಾಗಿತ್ತು.”

“ಅಜ್ಜಿ ಬಯ್ತಿರ್ಲಿಲ್ವಾ?”

“ಅದೊಂದು ದೊಡ್ಡ ಕತೆ.”

ಆ ಕತೆ ನೆಸ್ಸಾಳಿಗೆ ಬಾಯಿಪಾಠವಾಗಿತ್ತು.

“ಹೇಳು,” ಎಂದಳು.