ಅರ್ಧ ಬಾಟಲಿ ಪುದೀನ

"ಕೈ ತೆಗೀರಿ."

ಅವನು ಅವಳಿಗೆ ಹೇಳಿದ ಮೊದಲ ಮಾತೇ ಇದು. ಇಂಥ ಮಾತಿನಿಂದಲೂ ಪ್ರೀತಿ ಹುಟ್ಟುತ್ತದೆಂದರೆ ಯಾರು ತಾನೇ ನಂಬುತ್ತಾರೆ!

ಕನ್ನಡಕದಂಗಡಿಯ ಕೆಲಸ ಮುಗಿಸಿ, ಕೈ ಮುಖ ತೊಳೆದು, ಅವಳು ಹಾಗೇ ರಸ್ತೆ ದಾಟಿ ಬಂದಿದ್ದಳು. ಎದುರಿನ ಆ ಪುಟ್ಟ ಅಂಗಡಿಯ ತುಂಬ ಒಣಗಿದ ಎಲೆಗಳ ಗಾಜಿನ ಬಾಟಲಿಗಳು. ಪರಿಮಳ ನೋಡೋಣವೆಂದು ಒಂದರೊಳಗೆ ಕೈ ಹಾಕಿದ್ದಳು, ಅಷ್ಟೇ.

"ಒದ್ದೆ ಕೈ ಅದು. ಸ್ವಲ್ಪ ನೀರು ತಾಗಿದ್ರೂ ಇಡೀ ಬಾಟಲಿ ಬೂಷ್ಟು ಹಿಡಿಯುತ್ತೆ."

"ಎಲೆಗೆ ಇಷ್ಟು ಮರ್ಯಾದೆ, ಗಿರಾಕಿಗೆ ಇಲ್ವಾ?"

ಅವನು ಟವೆಲ್ ಚಾಚಿದ. ನಗಲಿಲ್ಲ. ಆದರೆ ಅವನ ಕಿವಿ ಕೆಂಪಾಗಿದ್ದು ಅವಳಿಗೆ ಕಾಣಿಸಿತು.

ಅವಳಿಗೆ ಬೇಕಾಗಿದ್ದು ಪುದೀನ. ಅಪ್ಪನಿಗೆ ದೊಡ್ಡ ಆಪರೇಷನ್ ಆಗಿ, ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಪುದೀನದ ಬಿಸಿನೀರೊಂದೇ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು.

ಆ ದಿನದಿಂದ ಎಲೆಯವನೇ ಮನೆಗೆ ಪುದೀನ ತಂದುಕೊಡತೊಡಗಿದ. ಬಂದಾಗಲೆಲ್ಲ ಅವಳಿಗೆ ಒಂದು ಪಾಠ. ಎಲೆಯನ್ನು ಬಿಸಿಲಿಗೆ ಹಾಕಬಾರದು, ಗಾಳಿಯಾಡುವ ನೆರಳಲ್ಲಿ ತೆಳ್ಳಗೆ ಹರಡಬೇಕು. ಎಲೆ ಗರಿಗರಿಯಾದರೆ ಸಾಲದು, ದಂಟೂ ಟಕ್ಕೆಂದು ಮುರಿಯಬೇಕು. ಬಾಟಲಿಗೆ ಹಾಕಿದ ಮೇಲೂ ಗಾಜು ಬೆವರುತ್ತದಾ ಎಂದು ನೋಡುತ್ತಿರಬೇಕು, ಒಲೆಯ ಹತ್ತಿರ ಇಡಲೇಬಾರದು. ಅವಳು ತಲೆಯಾಡಿಸುತ್ತಿದ್ದಳು. ನಿಜ ಹೇಳಬೇಕೆಂದರೆ, ಅವಳು ನೋಡುತ್ತಿದ್ದುದು ಅವನ ಕೈಬೆರಳುಗಳನ್ನು.

"ಏನಪ್ಪಾ, ಎಲೆ ಕೊಡೋಕೆ ಬರ್ತೀಯೋ, ನನ್ನ ಮಗಳನ್ನ ನೋಡೋಕೆ ಬರ್ತೀಯೋ?" ಎಂದು ಒಂದು ದಿನ ಅಪ್ಪ ಮಲಗಿದಲ್ಲಿಂದಲೇ ಕೇಳಿಬಿಟ್ಟರು.

"ಎಲೆ ಒಂದು ನೆಪ," ಎಂದ ಅವನು, ತಲೆ ತಗ್ಗಿಸಿ.

ಅಪ್ಪ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕರು. ಮದುವೆ ಅಲ್ಲೇ ನಿಶ್ಚಯವಾಯಿತು. ಅಮ್ಮನಂತೂ ಅವನನ್ನು ಆಗಲೇ ಮಗನೇ ಎಂದು ಕರೆಯತೊಡಗಿದ್ದಳು.

ಆಮೇಲೆ ಅಪ್ಪನಿಗೆ ಇದ್ದಕ್ಕಿದ್ದಂತೆ ವಾಂತಿ, ಜ್ವರ. ಆಸ್ಪತ್ರೆಗೆ ಸೇರಿಸಿದರು. ಏನೇನು ಕೊಟ್ಟಿರಿ ಎಂದು ಡಾಕ್ಟರು ಕೇಳಿದಾಗ ಮನೆಯಿಂದ ಪುದೀನದ ಬಾಟಲಿಯೂ ಬಂತು. ಮೇಲಿನ ಎಲೆಗಳ ಮೇಲೆ ಬೆಳ್ಳಗೆ ಬೂಷ್ಟು.

"ಇದರಿಂದಲೇ ಅಂತ ಖಾತ್ರಿಯಾಗಿ ಹೇಳೋಕಾಗಲ್ಲ. ಆದರೆ ಸೋತ ದೇಹ, ತಡೆಯೋ ಶಕ್ತಿ ಇಲ್ಲ," ಎಂದರು ಡಾಕ್ಟರು.

ಅಪ್ಪ ಮತ್ತೆ ಮನೆಗೆ ಬರಲಿಲ್ಲ.

"ನನ್ನ ಕೈಯಾರೆ ಕುಡಿಸಿದೆನಲ್ಲೋ..." ಎಂದು ಅಮ್ಮ ಆಸ್ಪತ್ರೆಯ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅವನು ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅಮ್ಮನ ಮುಂದೆ ಮಂಡಿಯೂರಿ ಕೂತ.

"ನಿಮ್ಮದೇನೂ ತಪ್ಪಿಲ್ಲಮ್ಮ. ನಾನೇ ಸರಿಯಾಗಿ ಒಣಗಿಸಿರಲಿಲ್ಲ."

ಅಷ್ಟೇ. ಪಕ್ಕದಲ್ಲೇ ನಿಂತಿದ್ದ ಅವಳಿಗೆ ನಂಬಲಾಗಲಿಲ್ಲ. ಅಷ್ಟೆಲ್ಲ ಪಾಠ ಹೇಳಿದವನು ಇವನೇನಾ?

"ಇನ್ನು ನಿನ್ನ ಮುಖ ತೋರಿಸಬೇಡ," ಎಂದಳು. ಅವನು ಬಾಟಲಿಯನ್ನು ಅಲ್ಲೇ ಇಟ್ಟು ಹೋದ. ಸುದ್ದಿ ಬೀದಿಯ ತುಂಬ ಹರಡಿ, ಗಿರಾಕಿಗಳು ಬರದೆ ಅಂಗಡಿ ಮುಚ್ಚಿತು. ಕನ್ನಡಕದಂಗಡಿಯಿಂದ ತಲೆಯೆತ್ತಿದಾಗಲೆಲ್ಲ ಆ ಮುಚ್ಚಿದ ಬಾಗಿಲೇ ಅವಳ ಕಣ್ಣಿಗೆ ಬೀಳುತ್ತಿತ್ತು. ಮರೆತೆನೆಂದು ಎಲ್ಲರಿಗೂ ಹೇಳಿದಳು. ದಿಂಬಿಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ.

ಹೊರಗಿನವರ ಎಲೆಯೇ ಬೇಡವೆಂದು ಅಮ್ಮ ಮನೆಯಲ್ಲೇ ಪುದೀನ ಬೆಳೆಸಿ ಒಣಗಿಸತೊಡಗಿದಳು. ಒಂದು ಬೆಳಗ್ಗೆ ಅವಳು ಅಡುಗೆಮನೆಗೆ ಬಂದಾಗ, ಅಮ್ಮ ಬಟ್ಟೆಯ ಮೇಲೆ ಹರಡಿದ್ದ ಎಲೆಗಳನ್ನು ಬಾಚಿ, ಅರ್ಧ ಖಾಲಿಯಾಗಿದ್ದ ಬಾಟಲಿಗೆ ತುಂಬುತ್ತಿದ್ದಳು. ಮಗಳು ಒಂದು ದಂಟನ್ನು ಎತ್ತಿ ಬಗ್ಗಿಸಿದಳು. ಮುರಿಯಲಿಲ್ಲ, ಮೆತ್ತಗೆ ಬಾಗಿತು.

"ಅಮ್ಮ, ಇದು ನಿನ್ನೆ ಕಿತ್ತಿದ್ದಲ್ವಾ?"

"ಹೂಂ, ಮೇಲೆಲ್ಲ ಒಣಗಿದೆಯಲ್ಲ. ಬಾಟಲಿ ಅರ್ಧ ಇದ್ರೆ ನೋಡೋಕೆ ಚೆನ್ನಾಗಿರಲ್ಲ ಕಣೇ. ನಿಮ್ಮಪ್ಪನ ಬಾಟಲಿಗೂ ಮಾರ್ಕೆಟ್ಟಿನ ಪುದೀನ ಒಣಗಿಸಿ ಹೀಗೇ ತುಂಬಿಸಿಡ್ತಿದ್ದೆ."

ಅವಳು ಕೈಯಲ್ಲಿದ್ದ ದಂಟನ್ನೇ ನೋಡಿದಳು.

ಅಪ್ಪನ ಬಾಟಲಿಯಲ್ಲಿ ಬೂಷ್ಟು ಹಿಡಿದಿದ್ದು ಮೇಲಿನ ಎಲೆಗೆ ಮಾತ್ರ. ಅವನು ಕೊಟ್ಟ ಎಲೆಯ ಮೇಲೆ ಅಮ್ಮ ಹಸಿ ಆರದ ಎಲೆ ಸುರಿದಿದ್ದಳು! ಅವನಿಗೆ ಅವತ್ತೇ ಗೊತ್ತಾಗಿತ್ತು. ಬಾಟಲಿ ಹಿಡಿದು ನೋಡಿದಾಗಲೇ ಗೊತ್ತಾಗಿತ್ತು...

ಮಾತು ನಾಲಿಗೆ ತುದಿಗೆ ಬಂತು. ಅಮ್ಮ ಬಾಟಲಿಯ ಹೊರಗನ್ನು ಸೆರಗಿನಿಂದ ಒರೆಸುತ್ತ, ಏನೂ ಅರಿಯದ ಮಗುವಿನ ಹಾಗೆ ಅವಳನ್ನೇ ನೋಡುತ್ತಿದ್ದಳು.

"ಕೊಡಮ್ಮ," ಎಂದಳು. "ಹಳೇದಕ್ಕೆ ಹೊಸದು ಬೆರೆಸಿದ್ರೆ ಪರಿಮಳ ಹೋಗುತ್ತಂತೆ. ಇನ್ಮೇಲೆ ಎಲೆ ಕೆಲಸ ನನಗೆ ಬಿಟ್ಟುಬಿಡು."

ಅವನೀಗ ಯಾರದೋ ಗೋದಾಮಿನಲ್ಲಿ ಡಬ್ಬ ಕಟ್ಟುತ್ತಿದ್ದ. ವಿಚಾರಿಸಿಕೊಂಡು ಬಂದು ಗೇಟಿನ ಹೊರಗೆ ಕಾಯುತ್ತಿದ್ದ ಅವಳನ್ನು ಕಂಡು ನಿಂತುಬಿಟ್ಟ. ಬಡವಾಗಿದ್ದ. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

"ಯಾಕೆ ಹೇಳಲಿಲ್ಲ?"

ಅವನು ಏನು, ಎತ್ತ ಎಂದು ಕೇಳಲಿಲ್ಲ.

"ಹೇಳಿದ್ರೆ ಅಮ್ಮ ಉಳೀತಿದ್ರಾ? ಅವತ್ತೇ ಗೋಡೆಗೆ ಹಣೆ ಚಚ್ಚಿಕೊಳ್ತಿದ್ರು. ಎಲೆಯಿಂದಲೇ ಹಾಗಾಯ್ತು ಅಂತಲೂ ಖಾತ್ರಿ ಇಲ್ಲ."

"ನನಗೆ ಒಬ್ಬಳಿಗೆ ಹೇಳಬಹುದಿತ್ತಲ್ಲ."

"ಆಮೇಲೆ ನೀನು ಅಮ್ಮನ ಕೈಯಲ್ಲಿ ಊಟ ಮಾಡ್ತಿದ್ಯಾ? ನಾನಲ್ಲದಿದ್ರೆ ಇನ್ನೊಬ್ಬ ಸಿಗ್ತಾನೆ. ಅಮ್ಮ ಎಲ್ಲಿಂದ ಸಿಗ್ತಾರೆ?"

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು? ಇನ್ನೊಬ್ಬ ಬೇಕು ಅಂತ ನಾನು ಹೇಳಿದ್ನಾ?" ಎಂದಳು. ಅವನ ಅಂಗಿಯ ತೋಳು ಹಿಡಿದು, ಹೋಗಿಬರುವವರ ಪರಿವೆಯಿಲ್ಲದೆ ಬಿಕ್ಕಿದಳು.

ಕಷ್ಟ ಬಂದದ್ದು ಮನೆಯಲ್ಲಿ, ಅವನನ್ನೇ ಮದುವೆಯಾಗುತ್ತೇನೆ ಎಂದಾಗ.

"ಅವನನ್ನಾ? ನಿಮ್ಮಪ್ಪನನ್ನ ಅಷ್ಟು ಬೇಗ ಮರೆತೆಯಾ?" ಎಂದಳು ಅಮ್ಮ.

ಒಂದೇ ಮಾತಿನಲ್ಲಿ ಅವನನ್ನು ಉಳಿಸಬಹುದಿತ್ತು. ಅದೇ ಮಾತಿನಲ್ಲಿ ಅಮ್ಮನನ್ನು ಕಳೆದುಕೊಳ್ಳಬೇಕಿತ್ತು. ಅವನು ಇಷ್ಟು ದಿನ ಹೊತ್ತಿದ್ದು ಎಂಥ ಭಾರವೆಂದು ಅವಳಿಗೆ ಆಗ ತಿಳಿಯಿತು.

"ಮರೆತಿಲ್ಲಮ್ಮ. ಅವನನ್ನ ಕ್ಷಮಿಸಿದೀನಿ," ಎಂದಳು. ಕ್ಷಮೆ ಕೇಳಬೇಕಾದವಳು ತಾನು.

ಅಮ್ಮ ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮಗಳು ಬಡಿಸಿದ್ದನ್ನು ಉಂಡು ಏಳುತ್ತಿದ್ದಳು. ಕೊನೆಗೊಂದು ದಿನ, "ಬರಲಿ. ಆದರೆ ನನ್ನೆದುರು ನಿಂತು ತಪ್ಪು ಒಪ್ಪಿಕೊಳ್ಳಲಿ," ಎಂದಳು.

ಅವನು ಬಂದ. ಅಪ್ಪನ ಖಾಲಿ ಮಂಚದ ಪಕ್ಕ ನಿಂತು ಕೈ ಮುಗಿದ.

"ನನ್ನಿಂದ ತಪ್ಪಾಯ್ತಮ್ಮ."

ಅವಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಕೂಗಿ ಹೇಳಿಬಿಡಬೇಕೆನಿಸಿತು. ಹೇಳಲಿಲ್ಲ.

ಅಮ್ಮನ ಕಣ್ಣು ತುಂಬಿ ಬಂತು.

"ಆಯ್ತು, ಹೊಟ್ಟೆಗೆ ಹಾಕ್ಕೊಂಡೆ. ಕೂತ್ಕೋ, ಊಟ ಮಾಡಿಕೊಂಡು ಹೋಗು," ಎಂದು ಒಳಗೆ ಹೋದಳು.

ಅವನು ಅಲ್ಲೇ ನೆಲಕ್ಕೆ ಕೂತ. ಅವಳು ಹತ್ತಿರ ಬಂದು ಪಕ್ಕದಲ್ಲಿ ಕೂತಳು. ಒಳಗೆ ತಟ್ಟೆಗಳ ಸದ್ದಾಗುತ್ತಿತ್ತು.

"ನೋವಾಯ್ತಾ?"

"ಆಯ್ತು," ಎಂದ. ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ಅವನ ಕಿವಿಯ ಹತ್ತಿರ ಬಗ್ಗಿ, ಅಮ್ಮನಿಗೆ ಕೇಳದಂತೆ ಪಿಸುಗುಟ್ಟಿದಳು.

"ತಪ್ಪು ನೀನು ಮಾಡಿಲ್ಲ."

ಇಷ್ಟು ದಿನ ಒಣಗಿದ್ದ ಅವನ ಕಣ್ಣಿಂದ ನೀರು ಇಳಿಯಿತು.

"ಇನ್ನೊಂದು ಸಲ ಹೇಳು," ಎಂದ.

"ನೀನು ಮಾಡಿಲ್ಲ. ದಿನಾ ಹೇಳ್ತೀನಿ."