ಹಾಡುಗಳಿಗೆ ಬಿದ್ದ ಬೀಗ

2024ರ ಜುಲೈ 9, ಮಂಗಳವಾರ ಬೆಳಿಗ್ಗೆ ಮಿರ್ಜಾನದ ವಿನುತಾ ಗೌಡ ಕುಮಟಾ ಠಾಣೆಗೆ ಬಂದು ದೂರು ಹೇಳಿದಾಗ ಕಾನ್‌ಸ್ಟೇಬಲ್ ಜಗದೀಶನಿಗೆ ನಗು ತಡೆಯಲಾಗಲಿಲ್ಲ. ದನ, ಬೈಕು, ಬಲೆ ಹೋಯಿತೆಂದು ಬಂದವರನ್ನು ಅವನು ಕಂಡಿದ್ದ. ಹಾಡು ಹೋಯಿತೆಂದು ಬಂದವರನ್ನು ಕಂಡಿರಲಿಲ್ಲ.

ಇನ್‌ಸ್ಪೆಕ್ಟರ್ ಉಮಾ ಅವನನ್ನು ಕಣ್ಣಲ್ಲೇ ಗದರಿಸಿ ಕುರ್ಚಿ ತೋರಿಸಿದಳು.

"ಕಳುವಾಗಿದ್ದಾ?"

"ಅಲ್ಲ ಮೇಡಂ. ಕಂಪ್ಯೂಟರಿನಲ್ಲೇ ಇದೆ, ತೆರೀತಿಲ್ಲ. ವೈರಸ್ ಬಂದು ಬೀಗ ಹಾಕಿದೆ."

"ಎಂತ ಹಾಡು?"

"ನಮ್ಮ ಬಂಗಾರಜ್ಜಿ ಹಾಡಿದ್ದು. ಗದ್ದೆ ನಟ್ಟಿ ಹಾಡು, ಮದುವೆ ಹಾಡು."

"ಬೇರೆ ಪ್ರತಿ?"

"ಇನ್ನೊಂದು ಡಿಸ್ಕಿನಲ್ಲಿತ್ತು. ಅದನ್ನೂ ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಯೇ ಇಡ್ತಿದ್ವಿ. ಅದಕ್ಕೂ ಬೀಗ."

"ಮತ್ತೆ ಹಾಡಿಸಿ ರೆಕಾರ್ಡ್ ಮಾಡುಕಾಗುದಿಲ್ವಾ?"

ವಿನುತಾ ಸೆರಗಿನ ತುದಿ ಸುತ್ತುತ್ತ ಕೂತಳು. "ಗಂಟಲು ಆಪರೇಶನ್ ಆಗಿ ಅಜ್ಜಿ ದನಿ ಹೋಗಿದೆ. ಅವಳ ಸಂಗಡ ಹಾಡ್ತಿದ್ದ ದುರ್ಗಜ್ಜಿ ಹೋದ ವರ್ಷ ತೀರಿಕೊಂಡ್ರು."

ಜಗದೀಶನ ನಗು ಇಂಗಿಹೋಯಿತು. ಉಮಾ ಪೆನ್ನು ಕೈಗೆತ್ತಿಕೊಂಡಳು. ಇದು ಹೋದರೆ ಹೋದದ್ದೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮಿರ್ಜಾನದ ಮಹಿಳಾ ಸಂಘದ ಕೋಣೆಯಲ್ಲಿ ನಾಗಭೂಷಣ ಮಾಸ್ತರರು ಕಾದಿದ್ದರು. ಕಾಲೇಜಿನಿಂದ ನಿವೃತ್ತರಾದ ಮೇಲೆ ಆ ಕಂಪ್ಯೂಟರನ್ನು ಕೂಡಿಸಿ, ಹಾಡುಗಳನ್ನು ದಾಖಲಿಸಿದವರು ಅವರೇ. ಅದಕ್ಕೆ ತಮ್ಮ ಮಗುವನ್ನು ಹೊಗಳುವ ಹಾಗೆ ಹೊಗಳಿಕೆ ಬೇರೆ.

"ಇದು ಲಿನಕ್ಸು ಮೇಡಂ. ಒಳಗಿನದೆಲ್ಲ ಬಿಚ್ಚಿಟ್ಟ ಮುಕ್ತ ತಂತ್ರಾಂಶ. ಸಾವಿರಾರು ಜನ ಕಣ್ಣಿಟ್ಟು ನೋಡ್ತಾರೆ. ಇದಕ್ಕೆ ವೈರಸ್ ಬರುದೇ ಇಲ್ಲ."

"ಬಂದಿದೆಯಲ್ಲ ಮಾಸ್ತರ್ರೆ."

"ಅದೇ ನಂಗೂ ತಿಳೀತಿಲ್ಲ."

"ಅಪ್‌ಡೇಟ್ ಯಾವಾಗ ಮಾಡಿದ್ರಿ?"

ಮಾಸ್ತರರು ಮಾಡಿನ ಹಂಚು ನೋಡತೊಡಗಿದರು. ಬಾರದ ರೋಗಕ್ಕೆ ಮದ್ದು ಯಾಕೆ ಎಂದು ಒಮ್ಮೆಯೂ ಮಾಡಿರಲಿಲ್ಲ.

ಪಂಚರ ಎದುರು ಡಿಸ್ಕಿನ ನಕಲು ತೆಗೆದು, ಮೊಹರು ಮಾಡಿ ಪಂಚನಾಮೆ ಬರೆದರು. ಸೈಬರ್ ತರಬೇತಿ ಮುಗಿಸಿ ಬಂದಿದ್ದ ಜಗದೀಶ ನಕಲಿನೊಳಗೆ ತಲೆ ಹಾಕಿದವನು ಸಂಜೆಯ ಹೊತ್ತಿಗೆ ಎದ್ದ. ಜುಲೈ ಒಂದರಂದು ಅಪರಿಚಿತ ವಿಳಾಸದಿಂದ ಒಂದು ಮೇಲ್ ಬಂದಿತ್ತು. ಹೊಸ ಕನ್ನಡ ಅಕ್ಷರಗಳ ಫಾಂಟ್, ಕಂಪ್ಯೂಟರಿಗೆ ಹಾಕಿಕೊಳ್ಳಿ ಎಂದಿತ್ತು.

"ಹಾಕುವಾಗ ಪಾಸ್‌ವರ್ಡ್ ಕೇಳ್ತಾ?" ಅವನು ವಿನುತಾಳನ್ನು ಕೇಳಿದ.

"ಕೇಳ್ತು, ಕೊಟ್ಟೆ. ವೈರಸ್ ಬರುದಿಲ್ಲ ಅಂತ ಧೈರ್ಯ ಇತ್ತಲ್ಲ."

"ಮೇಡಂ, ಇದು ಕಿಂಡಿ ಹುಡುಕಿ ನುಗ್ಗಿದ್ದಲ್ಲ. ಬಾಗಿಲು ತಟ್ಟಿದೆ, ಇವರೇ ತೆಗೆದಿದ್ದಾರೆ."

ಮಾಸ್ತರರ ಮುಖ ಸಪ್ಪಗಾಯಿತು.

ಉಮಾಳ ತಲೆ ಕೊರೆಯುತ್ತಿದ್ದದ್ದು ಬೇರೆಯೇ. ಬೀಗ ಹಾಕಿದವರು ದುಡ್ಡು ಕೇಳಿರಲಿಲ್ಲ. ಎಲ್ಲ ಹಾಡುಗಳಿಗೂ ಬೀಗ ಬಿದ್ದಿರಲಿಲ್ಲ. ಅರ್ಧದಷ್ಟು ಚೆನ್ನಾಗಿಯೇ ತೆರೆಯುತ್ತಿದ್ದವು. ಹಾಡುಗಳಿಗೆ ಹೆಸರೂ ಇಲ್ಲ, ಬರೀ ಅಂಕಿ. ಹಾಗಾದರೆ ಆರಿಸಿದ್ದು ಹೇಗೆ?

"ಉಳಿದದ್ದನ್ನು ಒಂದೊಂದೇ ಹಾಕಿ," ಎಂದಳು.

ಬಾಗಿಲ ಬಳಿ ಕೂತಿದ್ದ ಅಜ್ಜಿ ಬಂಗಾರಿ ಕಣ್ಣು ಮುಚ್ಚಿ ಕೇಳಿದಳು. ನಾಲ್ಕೈದು ಹಾಡು ಆದ ಮೇಲೆ ಕೈಯೆತ್ತಿ ಎರಡು ಬೆರಳು ತೋರಿಸಿದಳು. ಆಮೇಲೆ ಒಂದನ್ನು ಮಡಚಿದಳು.

ವಿನುತಾಗೆ ಥಟ್ಟನೆ ಹೊಳೆಯಿತು. "ಹೌದು ಮೇಡಂ! ಇವೆಲ್ಲ ಅಜ್ಜಿ ಒಬ್ಬಳೇ ಹಾಡಿದ್ದು. ನಮ್ಮಲ್ಲಿ ಹಾಡಿನ ಸಾಲು ಒಬ್ರು ಮುಂದೆ ಹೇಳಬೇಕು, ಇನ್ನೊಬ್ರು ಹಿಂದೆ ಹೇಳಬೇಕು. ದುರ್ಗಜ್ಜಿ ಹಿಂದೆ ಹೇಳಿದ ಒಂದು ಹಾಡೂ ಉಳಿದಿಲ್ಲ."

ಊರು ಕೇರಿ ಗೊತ್ತಿಲ್ಲದವನಿಗೆ ಯಾವ ಅಂಕಿಯಲ್ಲಿ ಯಾರ ದನಿ ಇದೆಯೆಂದು ತಿಳಿಯುವುದು ಸಾಧ್ಯವಿರಲಿಲ್ಲ.

"ರೆಕಾರ್ಡ್ ಮಾಡುವಾಗ ಯಾರ್ಯಾರು ಇದ್ರು?"

"ನಾನು, ಮಾಸ್ತರ್ರು. ಮತ್ತೆ ದುರ್ಗಜ್ಜಿಯ ಮೊಮ್ಮಗಳು ದೀಕ್ಷಾ. ಅಜ್ಜಿ ಕೈ ಹಿಡಕೊಂಡು ಅದೇ ಬರ್ತಿತ್ತು, ಹಾಡಿನ ಅಂಕಿ ಬರ್ಕೊಳ್ತಿತ್ತು. ಈಗ ಹೊನ್ನಾವರದಲ್ಲಿ ಕಂಪ್ಯೂಟರ್ ಕಲಿಸ್ತದೆ."

ಮೇಲ್ ಕಂಪನಿಯ ಉತ್ತರ ಬರಲು ವಾರ ಹಿಡಿಯಿತು. ವಿಳಾಸ ಬಳಕೆಯಾದದ್ದು ಹೊನ್ನಾವರದ ಒಂದು ಕಂಪ್ಯೂಟರ್ ತರಗತಿಯಿಂದ. ಜುಲೈ 18, ಗುರುವಾರ ಬೆಳಿಗ್ಗೆ ಉಮಾ ಅಲ್ಲಿಗೆ ಹೋದಾಗ ದೀಕ್ಷಾ ಅಂಬಿಗ ಪಾಠ ನಿಲ್ಲಿಸಿ ಹೊರಗೆ ಬಂದಳು. ಓಡಲಿಲ್ಲ, ಬಾಯಿ ಮಾಡಲಿಲ್ಲ.

"ಆ ವೈರಸ್ ನೀವೇ ಬರೆದಿದ್ದಾ?"

"ಹೌದು."

"ಯಾರಾದರೂ ಸಹಾಯ ಮಾಡಿದ್ರಾ?"

"ಇಲ್ಲ."

"ಕೆಟ್ಟದ್ದು ಮಾಡಬೇಕಂತಿದ್ರೆ ಅಳಿಸಿಯೇ ಹಾಕಬಹುದಿತ್ತಲ್ಲ?"

ದೀಕ್ಷಾಳ ಕಣ್ಣು ತುಂಬಿತು. "ಅದರಲ್ಲಿ ನಮ್ಮಜ್ಜಿ ದನಿ ಇದೆ ಮೇಡಂ. ಹೆಂಗೆ ಅಳಿಸಲಿ?"

"ಬೀಗದ ಕೀಲಿ?"

"ಇಟ್ಟಿದ್ದೇನೆ."

ಹಾಗಾದರೆ ಹಾಡುಗಳು ಹೋಗಿಲ್ಲ. ಬಂಧಿಸುವುದಂತೂ ತಪ್ಪಲಿಲ್ಲ. ಬಂಧನದ ಕಾರಣ ಓದಿ ಹೇಳಿ, ಮಹಿಳಾ ಕಾನ್‌ಸ್ಟೇಬಲ್ ಜೊತೆ ಜೀಪು ಹತ್ತಿಸಿದಳು. ಕೀಲಿಯಿದ್ದ ಪೆನ್‌ಡ್ರೈವ್ ಜಪ್ತಾಯಿತು.

ದಾರಿಯಲ್ಲಿ ದೀಕ್ಷಾ ತಾನಾಗಿಯೇ ಹೇಳಿದಳು. ಹಾಡಿನ ಸಂಗ್ರಹದ ಉದ್ಘಾಟನೆಯ ದಿನ ಅಜ್ಜಿ ದುರ್ಗಿ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬಂಗಾರಿಗೆ ಶಾಲು ಹೊದೆಸಿದರು, ಫಲಕದ ಮೇಲೂ ಬಂಗಾರಿಯ ಹಾಡುಗಳು ಎಂದೇ ಇತ್ತು. ಗದ್ದೆಯ ನಟ್ಟಿಯಲ್ಲಿ ನಲವತ್ತು ವರ್ಷ ಬಂಗಾರಿಯ ಹಿಂದೆ ಹೇಳಿದವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ದುರ್ಗಿ ಮನೆಗೆ ಬಂದು ಸೀರೆ ಮಡಚಿಟ್ಟಳು, ಮತ್ತೆ ಹಾಡಲಿಲ್ಲ.

"ಹೆಸರು ಹಾಕಿ ಅಂತ ಕೇಳಬಹುದಿತ್ತಲ್ಲ?"

"ಎರಡು ಸಲ ಕೇಳಿದೆ. ಹಿಂದೆ ಹೇಳುವವರ ಹೆಸರು ಯಾರು ಬರೀತಾರೆ ಅಂತ ಮಾಸ್ತರ್ರು ನಗಾಡಿದ್ರು."

ಉಮಾಗೆ ಆ ಹುಡುಗಿಯ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಎರಡನ್ನೂ ನುಂಗಿಕೊಂಡಳು.

ಮಧ್ಯಾಹ್ನ ಸಂಘದ ಕೋಣೆಯಲ್ಲಿ, ದೀಕ್ಷಾ ಮತ್ತು ಪಂಚರ ಎದುರು ಜಗದೀಶ ಕೀಲಿ ಹಾಕಿದ. ಮೊದಲ ಹಾಡು ತೆರೆಯಿತು. ಬಂಗಾರಿಯ ಗಟ್ಟಿ ದನಿ ಮುಂದೆ, ದುರ್ಗಿಯ ತೆಳು ದನಿ ಅದರ ಬೆನ್ನಿಗೆ. ಬಂಗಾರಿ ಬಿಕ್ಕಿ ಬಿಕ್ಕಿ ಅತ್ತಳು. ಗೋಡೆಯ ಫಲಕ ತೋರಿಸಿ, ಮಾಸ್ತರರ ಕಡೆ ತಿರುಗಿ, ಎರಡು ಬೆರಳು ಎತ್ತಿ ಹಿಡಿದಳು.

"ಬರೆಸ್ತೇನೆ, ಬಂಗಾರಕ್ಕಾ," ಎಂದರು ಮಾಸ್ತರರು. "ಅದೂ ನನ್ನದೇ ತಪ್ಪು."

ಅಷ್ಟರಲ್ಲಿ ಕೋಣೆಯಲ್ಲಿ ಮೂರನೆಯ ದನಿ ಕೇಳಿತು. ತನಗೇ ಗೊತ್ತಿಲ್ಲದಂತೆ ದೀಕ್ಷಾ ದುರ್ಗಿಯ ಸಾಲುಗಳನ್ನು ಮೆಲ್ಲಗೆ ಹೇಳುತ್ತಿದ್ದಳು. ಒಂದಕ್ಷರ ತಪ್ಪಲಿಲ್ಲ.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶವೆಂದು ಉಮಾ ಒಂದೇ ಸಾಲು ಬರೆದಳು: ಅಜ್ಜಿಯ ಹೆಸರು ಬಿಟ್ಟುಹೋದ ನೋವು.

ಜೀಪು ಹೊರಡುವಾಗ ವಿನುತಾ ಓಡಿಬಂದಳು. "ಜಾಮೀನು ಇವತ್ತೇ ಸಿಗ್ತದಾ ಮೇಡಂ?"

"ಸಿಗ್ತದೆ. ಯಾಕೆ? ದೂರು ಕೊಟ್ಟವರು ನೀವೇ ಅಲ್ದಾ?"

"ದೂರಿನ ಕತೆ ಕೋರ್ಟಿನಲ್ಲಿ ಆಗಲಿ. ಅಜ್ಜಿ ಹತ್ರ ನಾ ಕಲ್ತಿದ್ದು ಮುಂದೆ ಹೇಳುದು ಮಾತ್ರ ಮೇಡಂ. ಹಿಂದೆ ಹೇಳುಕೆ ನಂಗೆ ದೀಕ್ಷಾ ಬೇಕು."