ಖಾನಾವಳಿ ಬಾಗಿಲ ಮೇಲಿನ ಆದೇಶ

ಬುಧವಾರ ಬೆಳಿಗ್ಗೆ 10.20ಕ್ಕೆ ರಾಜಾಜಿನಗರದ ಠಾಣೆಗೆ ಬಂದ ಜಗದಾಂಬಾ, ತಮ್ಮ ಖಾನಾವಳಿಯ ಬಾಗಿಲಿಗೆ ಯಾರೋ ಅಂಟಿಸಿದ್ದ ಹಾಳೆಯನ್ನು ಇನ್‌ಸ್ಪೆಕ್ಟರ್ ಶಿವರಂಜನಿ ಅವರ ಮೇಜಿನ ಮೇಲಿಟ್ಟರು. ಶನಿವಾರದೊಳಗೆ ಆ ಬಾಡಿಗೆ ಮನೆ ಖಾಲಿ ಮಾಡಬೇಕು, ತಪ್ಪಿದರೆ ಪೊಲೀಸರು ಹೊರಹಾಕುತ್ತಾರೆ ಎಂದು ಮುಖ್ಯ ನ್ಯಾಯಿಕ ದಂಡಾಧಿಕಾರಿಯ ಹೆಸರಿನಲ್ಲಿ ಬರೆದಿತ್ತು. ಕೆಳಗೆ ದುಂಡು ಮೊಹರು. ಹನ್ನೊಂದು ವರ್ಷದಿಂದ ಅಲ್ಲಿ ರೊಟ್ಟಿ ತಟ್ಟುತ್ತಿದ್ದ ಅವರಿಗೆ ಬೇರೆ ಜೀವನೋಪಾಯ ಇರಲಿಲ್ಲ.

“ಪೊಲೀಸ್ರು ಬರ್ತಾರೆ ಅಂತಿದೆ. ಅದಕ್ಕೆ ನಾನೇ ಮೊದ್ಲು ಬಂದೆ,” ಎಂದರು.

ಶಿವರಂಜನಿ ಎರಡು ಸಲ ಓದಿದರು. ಬಾಡಿಗೆದಾರರನ್ನು ಖಾಲಿ ಮಾಡಿಸುವುದು ಸಿವಿಲ್ ನ್ಯಾಯಾಲಯದ ಕೆಲಸ. ಮೊದಲ ಸಾಲು ಇನ್ನೂ ವಿಚಿತ್ರವಾಗಿತ್ತು: ‘ಸರ್ಕಾರದ ಅಧಿಸೂಚನೆಯನ್ವಯ ನೇಮಕಗೊಂಡು ಅಧಿಕಾರ ಪಡೆದ’ ದಂಡಾಧಿಕಾರಿ.

“ಇದ್ರಲ್ಲಿ ತಪ್ಪೇನಿದೆ ಮೇಡಂ?” ಕಾನ್‌ಸ್ಟೆಬಲ್ ಅಮರೇಶ ಕೇಳಿದ.

“ತಹಶೀಲ್ದಾರ್‌ಗೆ ದಂಡಾಧಿಕಾರಿ ಪವರ್ ಕೊಡೋದು ಸರ್ಕಾರ. ಮುಖ್ಯ ನ್ಯಾಯಿಕ ದಂಡಾಧಿಕಾರಿನ ನೇಮಿಸೋದು ಹೈಕೋರ್ಟ್. ಕೋರ್ಟಲ್ಲಿ ಕೆಲಸ ಮಾಡಿದೋರು ಹೀಗೆ ಬರೆಯಲ್ಲ. ತಾಲ್ಲೂಕು ಕಚೇರಿಯೋರು ಬರೀತಾರೆ.”

11.45ಕ್ಕೆ ಎಫ್‌ಐಆರ್ ದಾಖಲಾಯಿತು. ಅಮರೇಶ ನ್ಯಾಯಾಲಯದಲ್ಲಿ ವಿಚಾರಿಸಿದ. ಆ ಪ್ರಕರಣ ಸಂಖ್ಯೆಯೇ ಅಲ್ಲಿರಲಿಲ್ಲ. ಮನೆ ಮಾಲೀಕರು ಯಾರೆಂದು ಕೇಳಿದಾಗ ಜಗದಾಂಬಾ, ಹೇರೋಹಳ್ಳಿಯ ನಂಜುಂಡಪ್ಪನವರು, ಬಹಳ ಸಜ್ಜನರು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು ಎಂದರು. ಮಾತು ಮುಗಿಯುವಷ್ಟರಲ್ಲಿ ಅವರ ಮುಖ ಬಾಡಿತು.

ಗುರುವಾರ ಹೇರೋಹಳ್ಳಿಯ ಮನೆ ಶೋಧಿಸಿದಾಗ, 11.10ಕ್ಕೆ ನಂಜುಂಡಪ್ಪನವರ ಬೀರುವಿನಲ್ಲಿ ಆ ದುಂಡು ಮೊಹರು ಸಿಕ್ಕಿತು. ಪಂಚರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು.

“ಮೊದಲನೇ ಸಾಲು ನೀವೇ ಬರೆದದ್ದಾ?” ಶಿವರಂಜನಿ ಅವರನ್ನು ಕೇಳಿದರು.

“ಮೂವತ್ತು ವರ್ಷ ಅದನ್ನೇ ಬರ್ದಿದೀನಮ್ಮ. ದಂಡಾಧಿಕಾರಿ ಅಂದ್ರೆ ಎಲ್ಲಾ ಒಂದೇ ಅಂದ್ಕೊಂಡೆ.”

“ಮನೆ ಬೇಕು ಅಂತ ಬಾಯ್ಬಿಟ್ಟು ಕೇಳ್ಬಹುದಿತ್ತಲ್ಲ?”

“ಕೇಳಿದ್ರೆ, ಮಗಳು ಗಂಡನ ಮನೆ ಬಿಟ್ಟು ಬಂದಿದಾಳೆ ಅಂತ ಹೇಳ್ಬೇಕಾಗ್ತಿತ್ತು.”

12.30ಕ್ಕೆ ಅವರನ್ನು ಬಂಧಿಸಲಾಯಿತು. ಆ ಮನೆ ಬೇಕಾಗಿದ್ದುದು ಮಗಳು ಕುಸುಮಾಳಿಗೆ; ಅವಳು ರಾಜಾಜಿನಗರದಲ್ಲಿ ಶಾಲಾ ಶಿಕ್ಷಕಿ. ಅಪ್ಪನ ಮನೆಗೆ ಹೋದರೆ ಬೀದಿಯವರು ಕೇಳುತ್ತಾರೆಂದು ವಿಜಯನಗರದ ಹಾಸ್ಟೆಲಿನಲ್ಲಿದ್ದಳು. ಆದೇಶದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

ಸಂಜೆ ಅವಳು ಠಾಣೆಯ ಬೆಂಚಿನ ಮೇಲೆ ತಲೆತಗ್ಗಿಸಿ ಕೂತಿದ್ದಾಗ ಜಗದಾಂಬಾ ಬಂದರು. ಕೇಸು ಕೈಬಿಡಬಹುದೇ ಎಂದು ವಿಚಾರಿಸಿದರು. ಅದು ಇನ್ನು ನ್ಯಾಯಾಲಯಕ್ಕೆ ಬಿಟ್ಟದ್ದು ಎಂದರು ಶಿವರಂಜನಿ. ಜಗದಾಂಬಾ ತಲೆಯಾಡಿಸಿ, ಹೋಗಿ ಕುಸುಮಾಳ ಪಕ್ಕ ಕೂತರು.

“ಖಾನಾವಳಿ ಹಿಂದಿನ ರೂಮಲ್ಲಿ ಜೋಳದ ಮೂಟೆ ಇದಾವೆ,” ಎಂದರು. “ಶನಿವಾರದೊಳಗೆ ಖಾಲಿ ಮಾಡ್ಕೊಡ್ತೀನಿ. ಬಾಮ್ಮ.”